ಸತ್ಯ ಹುಡುಕಲು ಕೆಲಸ ಬಿಡಬೇಕೇ? ಬೇಡ

ಕೆಲಸಕ್ಕೆ ರಾಜೀನಾಮೆ ಕೊಟ್ಟು ದರ್ಶನಗಳನ್ನು ಓದುತ್ತ ಸತ್ಯ ಹುಡುಕಲೇ, ಇಲ್ಲ ಬದುಕೇ ಎಲ್ಲವನ್ನೂ ಕಲಿಸುತ್ತದೆ ಎಂದು ಸುಮ್ಮನಿರಲೇ ಎಂದು ಕೇಳಿದ್ದೀರಿ. ಆ ರಾಜೀನಾಮೆಯನ್ನು ನಾನು ಕೊಟ್ಟಾಗಿದೆ. ಬೆಂಗಳೂರಿನ ಕೆಲಸ ಬಿಟ್ಟು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಆಚೆಗಿರುವ ನಮ್ಮ ಕಾಫಿ ತೋಟಕ್ಕೆ ಬಂದು ಪೆಟ್ಟಿಗೆಗಟ್ಟಲೆ ಪುಸ್ತಕ ಇಳಿಸಿದೆ. ಅಪ್ಪನಿಗೆ ಮಂಡಿನೋವು, ಇಳಿಜಾರಿನಲ್ಲಿ ಓಡಾಡಲು ಆಗುತ್ತಿರಲಿಲ್ಲ. ಮಗ ತೋಟ ನೋಡಿಕೊಳ್ಳಲು ಬಂದಿದ್ದಾನೆ ಎಂದು ಊರಿಗೆಲ್ಲ ಹೇಳಿದರು. ನಾನು ಬಂದದ್ದು ಬ್ರಹ್ಮವನ್ನು ನೋಡಿಕೊಳ್ಳಲು.

ಮೊದಲು ಹಿಡಿದದ್ದು ನ್ಯಾಯದರ್ಶನ, ಅಂದರೆ ತರ್ಕಕ್ಕೆ ಒತ್ತುಕೊಡುವ ದರ್ಶನ. ಸರಿಯಾದ ತಿಳಿವಳಿಕೆ ಪಡೆಯಲು ಅಲ್ಲಿ ನಾಲ್ಕು ಪ್ರಮಾಣಗಳು, ಅಂದರೆ ಸಾಧನಗಳು: ಪ್ರತ್ಯಕ್ಷ (ಇಂದ್ರಿಯಗಳಿಂದ ನೇರ ತಿಳಿಯುವುದು), ಅನುಮಾನ (ಕಂಡದ್ದರಿಂದ ಕಾಣದ್ದನ್ನು ಊಹಿಸುವುದು), ಉಪಮಾನ (ಹೋಲಿಕೆಯಿಂದ ತಿಳಿಯುವುದು), ಶಬ್ದ (ನಂಬಬಹುದಾದವರ ಮಾತು). ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯಿದೆ ಎಂದು ತಿಳಿಯುವುದು ಅನುಮಾನ. ಕಂಡದ್ದು ಹೊಗೆಯೇ ಅಲ್ಲವಾದರೆ ಎಲ್ಲವೂ ಮಗುಚಿಬಿತ್ತು. ನಮ್ಮ ಜಗುಲಿಯ ಎದುರಿನ ಗುಡ್ಡದಲ್ಲಿ ಮಳೆಗಾಲದ ಬೆಳಗ್ಗೆ ಏಳುವ ಮಂಜು ಥೇಟ್ ಹೊಗೆಯೇ. ಇಂಥ ಉದಾಹರಣೆ ಮನೆಯೆದುರೇ ಸಿಕ್ಕಿತಲ್ಲ ಎಂದು ಅದನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಂಡು ಬೀಗಿದ್ದೆ.

ಆ ಬೇಸಿಗೆಯಲ್ಲಿ ಕೆಳಗಿನ ಅರೇಬಿಕಾ ಪಟ್ಟೆಯ ಕೆಲವು ಗಿಡಗಳು ಹಳದಿಗಟ್ಟಿ ಜೋತುಬಿದ್ದವು. ಕಾಫಿ ಹೂವರಳಿಸುವ ಹೂಮಳೆ ತಡವಾಗಿತ್ತು. ಎಲೆ ಹಳದಿ, ಮಳೆ ಇಲ್ಲ, ಆದ್ದರಿಂದ ನೀರಿನ ಕೊರತೆ ಎಂದು ತೀರ್ಮಾನಿಸಿ ಜಗುಲಿಗೆ ಮರಳಿದೆ. ಮೇಸ್ತ್ರಿ ಹಿಂದೆಯೇ ಬಂದು, “ಅಯ್ಯಾ, ಇದು ಬೋರರ್. ಬುಡ ನೋಡಿ” ಎಂದರು. ಬೋರರ್ ಎಂದರೆ ಬಿಳಿ ಕಾಂಡಕೊರಕ. ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತ ಹೋಗುತ್ತದೆ, ಹೊರಗೆ ತೊಗಟೆಯ ಮೇಲೆ ಉಬ್ಬುಗೆರೆ ಏಳುತ್ತದೆ. ಬಗ್ಗಿ ಬೆರಳು ಆಡಿಸಿದರೆ ಕುರುಡನಿಗೂ ಸಿಗುತ್ತದೆ. ನಾನು ಬಗ್ಗಲಿಲ್ಲ. ದುಂಬಿ ಹೊರಬಂದು ಹಾರುವುದು ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅದಕ್ಕೂ ಮುಂಚೆ ಹುಳು ಬಿದ್ದ ಗಿಡಗಳನ್ನು ಗುರುತು ಹಾಕಿ, ಕಿತ್ತು, ಸುಡಬೇಕು. ಏಪ್ರಿಲ್ ಹೋಯಿತು, ಅಕ್ಟೋಬರ್ ಹೋಯಿತು. ಅಷ್ಟರಲ್ಲಿ ನಾನು ವೇದಾಂತಕ್ಕೆ ಬಡ್ತಿ ಪಡೆದಿದ್ದೆ. ಅಪ್ಪ ಗಿಡದ ಮಾತೆತ್ತಿದಾಗ ತೋರುವುದೆಲ್ಲ ಮಿಥ್ಯೆ ಎಂದೆ. “ಬ್ಯಾಂಕಿನ ಸಾಲವೂ ಮಿಥ್ಯೆಯೇ ಎಂದು ಮ್ಯಾನೇಜರರನ್ನು ಕೇಳಿಕೊಂಡು ಬಾ” ಎಂದರು. ಮರುವರ್ಷ ಆ ಪಟ್ಟೆಯನ್ನು ಪೂರ್ತಿ ಕಿತ್ತು ಸುಟ್ಟೆವು. ಹೊಸ ಅರೇಬಿಕಾ ಗಿಡ ಫಸಲಿಗೆ ಬರಲು ಮೂರು-ನಾಲ್ಕು ವರ್ಷ ಕಾಯಬೇಕು.

ಪುಸ್ತಕ ಓದಿ ತೋಟ ಹಾಳುಮಾಡಿದ ಎಂದು ನೆಂಟರು ಈಗಲೂ ಹೇಳುತ್ತಾರೆ. ಅದು ಸುಳ್ಳು, ಬಿಡಿಸಿ ಹೇಳುತ್ತೇನೆ. ಓದಿದ್ದನ್ನು ಒಂದೇ ಒಂದು ಗಿಡದ ಬುಡದಲ್ಲಿ ಬಳಸಿದ್ದರೆ ಪಟ್ಟೆ ಉಳಿಯುತ್ತಿತ್ತು. ಹಳದಿ ಎಲೆ ಬರದಿಂದಲೂ ಬರುತ್ತದೆ, ಹುಳುವಿನಿಂದಲೂ ಬರುತ್ತದೆ. ಹೀಗೆ ಎರಡೂ ಕಡೆ ಸಲ್ಲುವ ಕಾರಣದಿಂದ ಏನೂ ಸಾಬೀತಾಗದು. ನೈಯಾಯಿಕರು ಅದನ್ನೇ ಅನೈಕಾಂತಿಕ ಹೇತು ಎನ್ನುತ್ತಾರೆ, ಅದರ ಲಕ್ಷಣ ನನಗೆ ಬಾಯಿಪಾಠವಾಗಿತ್ತು! ಪ್ರತ್ಯಕ್ಷ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಇನ್ನು ಶಬ್ದಪ್ರಮಾಣ, ಅಂದರೆ ಆಪ್ತನ ಮಾತು. ವಿಷಯವನ್ನು ಕಂಡರಿತು ಇದ್ದದ್ದನ್ನು ಇದ್ದಂತೆ ಹೇಳುವವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ವಾತ್ಸ್ಯಾಯನ ನ್ಯಾಯಸೂತ್ರಗಳಿಗೆ ಬರೆದ ನ್ಯಾಯಭಾಷ್ಯದಲ್ಲಿ ಸ್ಪಷ್ಟವಾಗಿ ಬರೆದಿದ್ದಾನೆ. ಆ ಸಾಲಿಗೆ ಪೆನ್ಸಿಲಿನಲ್ಲಿ ಅಡಿಗೆರೆ ಕೂಡ ಎಳೆದಿದ್ದೆ. ಆದರೆ ನನ್ನ ತಲೆಯೊಳಗಿನ ಆಪ್ತ ಕಾವಿ ಉಟ್ಟಿದ್ದ, ಅವನ ಕೈಯಲ್ಲಿ ಗುದ್ದಲಿ ಇರಲಿಲ್ಲ.

ಹಾಗೆಂದು ‘ಬದುಕೇ ಗುರು’ ಎನ್ನುವವರ ಗುಂಪಿಗೂ ಸೇರಬೇಡಿ. ನಮ್ಮ ಪಕ್ಕದ ತೋಟದವರಿಗೆ ಆಯುಷ್ಯವಿಡೀ ಕಾಫಿಯ ಅನುಭವ. ಬಿಸಿಲು ಬಿದ್ದರೆ ಫಸಲು ಹೆಚ್ಚು ಎಂದು ನೆರಳು ಮರಗಳನ್ನು ಕಡಿಸಿದರು. ಬೋರರಿಗೂ ಬಿಸಿಲೆಂದರೆ ಇಷ್ಟ. ತಮ್ಮ ಅನುಭವವನ್ನು ಅವರು ಒಮ್ಮೆಯೂ ಪ್ರಶ್ನಿಸಿರಲಿಲ್ಲ, ಅಷ್ಟೇ.

ಆದ್ದರಿಂದ ಓದು ಒಂದು ದಾರಿ, ಬದುಕು ಇನ್ನೊಂದು ದಾರಿ ಎಂಬ ನಿಮ್ಮ ವಿಂಗಡಣೆಯೇ ನನಗೆ ಒಪ್ಪಿಗೆಯಿಲ್ಲ. ಶೃಂಗೇರಿ ನಮ್ಮದೇ ಜಿಲ್ಲೆಯಲ್ಲಿದೆ, ಶಂಕರರ ಹೆಸರು ಹೇಳಿ ಜಗತ್ತನ್ನು ತಳ್ಳಿಹಾಕುವವರು ಇಲ್ಲಿ ಬೇಕಾದಷ್ಟಿದ್ದಾರೆ. ಶಂಕರರಾದರೋ ಬ್ರಹ್ಮಜಿಜ್ಞಾಸೆಯಲ್ಲಿ, ಅಂದರೆ ಬ್ರಹ್ಮವನ್ನು ಅರಿಯುವ ವಿಚಾರದಲ್ಲಿ, ಶ್ರುತಿ ಎಂದರೆ ವೇದವೊಂದೇ ಅಲ್ಲ, ಅನುಭವವೂ ಪ್ರಮಾಣ ಎಂದು ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲೇ ಹೇಳುತ್ತಾರೆ. ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು ಎಂಬುದು ಗೀತಾಭಾಷ್ಯದಲ್ಲಿ ಅವರದೇ ಮಾತು. ಹಾಸನ ಜಿಲ್ಲೆಯ ಹೊಳೆನರಸೀಪುರದಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ನಡೆಸಿದ ಸಚ್ಚಿದಾನಂದೇಂದ್ರ ಸರಸ್ವತಿಗಳು (1880–1975) ಇದೇ ಎಳೆಯನ್ನು ಹಿಡಿದು, ಎಚ್ಚರ, ಕನಸು, ನಿದ್ದೆ ಎಂಬ ಎಲ್ಲರ ಅನುಭವವನ್ನೇ ವಿಚಾರಕ್ಕೆ ಒಡ್ಡಬೇಕು ಎಂದರು. ನೀವು ದಿನವೂ ಮಲಗುತ್ತೀರಿ, ಏಳುತ್ತೀರಿ. ಇದಕ್ಕಾಗಿ ಸಂಬಳ ಬಿಡುವ ಅಗತ್ಯವೇನಿದೆ?

ಕೆಲಸ ಬಿಡಬೇಡಿ. ಬಿಟ್ಟರೆ ನಿಮಗೆ ಎದುರು ಮಾತನಾಡುವವರೇ ಇರುವುದಿಲ್ಲ. ಪುಸ್ತಕ ನಿಮ್ಮನ್ನು ತಿದ್ದಲು ಎದ್ದು ಬರುವುದಿಲ್ಲ. ಓದಲೇಬೇಕೆಂದಿದ್ದರೆ ನ್ಯಾಯದ ಪ್ರಮಾಣ ವಿಚಾರದಿಂದ ಆರಂಭಿಸಿ, ವೇದಾಂತ ಆಮೇಲೆ. ಶಂಕರರ ಭಾಷ್ಯಗಳು ಕನ್ನಡದಲ್ಲಿವೆ, ಹೊಳೆನರಸೀಪುರದ ಪ್ರಕಟಣೆಗಳಲ್ಲಿ ನೋಡಿ. ಒಂದೊಂದು ವಿಚಾರ ಓದಿದಾಗಲೂ ಅದೇ ವಾರ ಕಚೇರಿಯಲ್ಲಿ ನೀವು ಮಾಡಿದ ಯಾವುದಾದರೂ ತೀರ್ಮಾನಕ್ಕೆ ಅದನ್ನು ಹಚ್ಚಿ ನೋಡಿ. ನಿಮ್ಮ ಕೆಲಸ ಯಾವುದೆಂದು ಪ್ರಶ್ನೆಯಲ್ಲಿ ಬರೆದಿಲ್ಲ. ಬರೆದಿದ್ದರೆ ಕಾಫಿ ಗಿಡ ಬಿಟ್ಟು ಅದರಿಂದಲೇ ಉದಾಹರಣೆ ಕೊಡುತ್ತಿದ್ದೆ.