ಆ ಸಿಪಾಯಿಗೆ ಸ್ವಲ್ಪ ಜಾಗ ಬಿಡಿ

ನಮಸ್ಕಾರ.

ಮೊದಲ ಮಹಾಯುದ್ಧಕ್ಕೆಂದು ಫ್ರಾನ್ಸಿಗೆ ಹೋದ ಭಾರತದ ಸಿಪಾಯಿಗಳ ಕಾಗದಗಳನ್ನು ಓದಿ ನೀವು ಬರೆದ ಲೇಖನ ತಲುಪಿತು. ಈಗಿರುವ ಹಾಗೆಯೇ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಐದನೇ ಪ್ಯಾರಾದಲ್ಲಿ ನೀವು ಆಡಿದ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ತೊಂದರೆಯನ್ನು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಲೇಖನದಲ್ಲಿ ಸಿಪಾಯಿಗಿಂತ ನಿಮ್ಮ ಕಣ್ಣೀರೇ ಜಾಸ್ತಿ ಕಾಣುತ್ತದೆ. ‘ಕಣ್ಣು ಮಂಜಾಯಿತು’, ‘ಎದೆ ಒಡೆಯಿತು’, ‘ಮಾತೇ ಹೊರಡಲಿಲ್ಲ’ ಎಂದೇ ಪ್ಯಾರಾಗಳು ಮುಗಿಯುತ್ತವೆ. ನೀವು ನಿಜವಾಗಿ ಅತ್ತಿದ್ದೀರಿ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಏನನ್ನು ಓದಿ ಅತ್ತಿರಿ ಅನ್ನುವುದು ಓದುಗರಿಗೂ ಕಾಣಬೇಕು, ಅಲ್ವಾ? ಕಾಗದದಿಂದ ಒಂದು ಸಾಲು ಎತ್ತಿಕೊಳ್ಳುತ್ತೀರಿ, ಅದರ ಮೇಲೆ ಪುಟದ ತುಂಬ ಸಂಕಟ ಸುರಿಯುತ್ತೀರಿ. ಆ ಸಾಲು ಅಡಿಯಲ್ಲೇ ಉಳಿದುಬಿಡುತ್ತದೆ.

ಅವಸರದ ಅಳು ಹೇಗೆ ದಾರಿ ತಪ್ಪಿಸುತ್ತದೆ ನೋಡಿ. ಕರಿಮೆಣಸು ಮುಗಿದಿದೆ, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ ಅನ್ನುವ ಅರ್ಥದ ಸಿಪಾಯಿಯೊಬ್ಬನ ಮಾತನ್ನು ನೀವು ಮನೆಯೂಟದ ನೆನಪು ಎಂದುಕೊಂಡು ಮರುಗಿದ್ದೀರಿ. ಅಲ್ಲಿ ಕರಿಮೆಣಸು ಅಂದರೆ ಭಾರತದ ಸಿಪಾಯಿಗಳು, ಕೆಂಪು ಮೆಣಸು ಅಂದರೆ ಬ್ರಿಟಿಷ್ ಸಿಪಾಯಿಗಳು. ನಮ್ಮವರು ಸತ್ತು ಮುಗಿಯುತ್ತಿದ್ದಾರೆ ಅನ್ನುವ ಸುದ್ದಿಯನ್ನು ಸೆನ್ಸಾರಿನವರ ಕಣ್ಣು ತಪ್ಪಿಸಿ ಊರಿಗೆ ಮುಟ್ಟಿಸುವ ಉಪಾಯ ಅದು. ಅಷ್ಟು ಸಾವುಗಳ ನಡುವೆಯೂ ಅವನ ಬುದ್ಧಿ ಎಷ್ಟು ಚುರುಕಾಗಿತ್ತು! ಅವನನ್ನು ನೀವು ಬರೀ ಪಾಪದವನನ್ನಾಗಿ ಮಾಡಿಬಿಟ್ಟಿರಿ.

ಈ ಕಾಗದಗಳು ನಮ್ಮ ಕೈಗೆ ಬಂದ ದಾರಿಯೂ ನಿಮ್ಮ ಲೇಖನದಲ್ಲಿ ಬರಲೇಬೇಕು. 1914ರ ಸೆಪ್ಟೆಂಬರ್ ಕೊನೆಗೆ ಭಾರತದ ಪಡೆಗಳು ಮಾರ್ಸೇಲ್ಸ್ ಬಂದರಿನಲ್ಲಿ ಇಳಿದವು. ಬಹಳಷ್ಟು ಸಿಪಾಯಿಗಳಿಗೆ ಓದುಬರಹ ಬರುತ್ತಿರಲಿಲ್ಲ. ಅವರು ಹೇಳುತ್ತಿದ್ದರು, ಬರೆಯಲು ಬಲ್ಲ ಇನ್ನೊಬ್ಬ ಬರೆಯುತ್ತಿದ್ದ. ಊರಿನಲ್ಲಿಯೂ ಎಷ್ಟೋ ಮನೆಗಳಲ್ಲಿ ಯಾರಾದರೂ ಓದಿ ಹೇಳಬೇಕಿತ್ತು. ನಡುವೆ ರೆಜಿಮೆಂಟಿನ ಅಧಿಕಾರಿ, ಆಮೇಲೆ ಸೆನ್ಸಾರ್ ಕಚೇರಿ. ಅಲ್ಲಿನವರು ಆಯ್ದ ಭಾಗಗಳನ್ನು ಇಂಗ್ಲಿಷಿಗೆ ತಂದು ತಮ್ಮ ವರದಿಗಳಿಗೆ ಸೇರಿಸುತ್ತಿದ್ದರು. ಆ ವರದಿಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ನೀವು ಓದಿದ್ದು ಅದರಿಂದ ಬಂದದ್ದನ್ನೇ. ‘ಅವನ ಅಕ್ಷರ ನಡುಗುತ್ತಿತ್ತು’ ಅಂತ ಬರೆದಿದ್ದೀರಲ್ಲ, ಆ ಅಕ್ಷರ ನಿಮಗೆ ಎಲ್ಲಿ ಕಂಡಿತು? ಅದನ್ನು ತೆಗೆಯಿರಿ. ಹೆಂಡತಿಗೆ ಒಂದು ಗುಟ್ಟಿನ ಮಾತು ಹೇಳಬೇಕೆಂದರೂ ಅವನು ಇಷ್ಟು ಜನರ ಮುಂದೆ ಹೇಳಬೇಕಿತ್ತು. ಆ ಸಾಲಿನಲ್ಲಿ ಈಗ ನೀವೂ ನಾನೂ ನಿಂತಿದ್ದೇವೆ. ಬೇರೆಯವರ ಕಾಗದ ಓದುವಾಗ ನಿಮಗೆ ಒಂದಿಷ್ಟೂ ಮುಜುಗರ ಆಗಲಿಲ್ಲವೇ? ಆಗಿದ್ದರೆ ಬರೆಯಿರಿ.

‘ತಾಯ್ನಾಡಿಗಾಗಿ ಪ್ರಾಣ ಕೊಟ್ಟವರು’ ಅನ್ನುವುದನ್ನೂ ಸುಮ್ನೆ ಹಾಗೆ ಬಿಡಲಾಗದು. ಅವರು ಹೋರಾಡಿದ್ದು ಬ್ರಿಟಿಷ್ ದೊರೆಯ ಸೇನೆಯಲ್ಲಿ. ಸಂಬಳ, ಮನೆತನದ ಮರ್ಯಾದೆ, ದೊರೆಯ ಮೇಲಿನ ನಿಷ್ಠೆ ಎಲ್ಲವೂ ಆ ಕಾಗದಗಳಲ್ಲಿವೆ. ಅದನ್ನು ಇದ್ದಂತೆಯೇ ಹೇಳಬೇಕು.

ಕೊನೆಯ ಪ್ಯಾರಾದಲ್ಲಿ ನಿಮ್ಮ ಸಿಪಾಯಿ ಫ್ರಾನ್ಸಿನ ನೂವ್ ಶಾಪೆಲ್ ಕದನದಲ್ಲಿ ಹುತಾತ್ಮನಾಗುತ್ತಾನೆ. ಅವನ ಕಾಗದದ ತಾರೀಖು 1915ರ ಜೂನ್ ಎಂದು ನೀವೇ ಮೇಲೆ ಬರೆದಿದ್ದೀರಿ. ಆ ಕದನ ನಡೆದದ್ದು ಅದೇ ವರ್ಷದ ಮಾರ್ಚ್ 10ರಿಂದ 13ರವರೆಗೆ. ನೀವೇ ಅವನನ್ನು ಸಾಯಿಸಿದ್ದೀರಿ. ನೂವ್ ಶಾಪೆಲ್‌ನಲ್ಲಿ ಇಂದು ಒಂದು ಸ್ಮಾರಕ ಇದೆ. ಸಮಾಧಿ ಎಲ್ಲಿದೆಯೆಂದೇ ತಿಳಿಯದ 4,700ಕ್ಕೂ ಹೆಚ್ಚು ಭಾರತೀಯರನ್ನು ಅಲ್ಲಿ ಸ್ಮರಿಸಲಾಗಿದೆ. ನಾವು ಕಲ್ಪಿಸಿಕೊಂಡು ಇನ್ನೊಬ್ಬನನ್ನು ಅಲ್ಲಿಗೆ ಸೇರಿಸುವುದು ಬೇಡ. ಅವನು ಉಳಿದನೋ ಇಲ್ಲವೋ ಆ ಕಾಗದ ಹೇಳುವುದಿಲ್ಲ. ಅಲ್ಲಿಗೇ ನಿಲ್ಲಿಸುವುದು ಕಷ್ಟ, ನನಗೆ ಗೊತ್ತು. ಆದರೂ ಅಲ್ಲೇ ನಿಲ್ಲಿಸಬೇಕು.

ಇನ್ನು ಆ ಐದನೇ ಪ್ಯಾರಾ. ಮನೆಯವರು ಕಾಗದ ಹಾಕಲಿಲ್ಲವೆಂದು ಸಿಪಾಯಿ ಗದರುತ್ತಾನೆ. ‘ನನಗೆ ಅವನ ಮೇಲೆ ಸಿಟ್ಟು ಬಂತು. ಆಮೇಲೆ ಸಿಟ್ಟು ಬಂದದ್ದಕ್ಕೆ ನಾಚಿಕೆಯಾಯಿತು’ ಎಂದು ಬರೆದಿದ್ದೀರಿ. ಇಡೀ ಲೇಖನದಲ್ಲಿ ನಿಮ್ಮದೇ ದನಿ ಕೇಳಿದ್ದು ಇಲ್ಲಿ. ಆದರೆ ಮರುಸಾಲಿನಲ್ಲೇ ‘ವೀರಯೋಧನಿಗೆ ನಮನ’ ಎಂದು ಕೈಮುಗಿದು ಹೊರಟುಬಿಟ್ಟಿರಿ. ಯಾಕೆ? ಅವನು ಯಾವಾಗಲೂ ದೊಡ್ಡ ಮನಸ್ಸಿನವನಾಗಿಯೇ ಇರಬೇಕು ಎಂದುಕೊಂಡಿದ್ದಿರಾ? ಯುದ್ಧವನ್ನೇ ಕಾಣದ ನಮಗೆ ಅವನು ಹೇಗಿದ್ದರೆ ಸಮಾಧಾನ? ಈ ಪ್ರಶ್ನೆಗಳ ಜೊತೆ ನೀವು ಇನ್ನಷ್ಟು ಹೊತ್ತು ಕೂತುಕೊಳ್ಳಬೇಕಿತ್ತು. ಆ ಕಾಗದಗಳಲ್ಲಿ ಜಮೀನಿನ ಜಗಳವಿದೆ, ಸಾಲದ ಚಿಂತೆಯಿದೆ. ಫ್ರಾನ್ಸಿನ ಹೆಂಗಸರು ಓದುಬರಹ ಬಲ್ಲವರು ಎಂದು ಬೆರಗಾಗಿ, ನಮ್ಮ ಹುಡುಗಿಯರನ್ನೂ ಓದಿಸಬೇಕು ಎಂದು ಹೇಳಿದವರಿದ್ದಾರೆ. ಪಾರ್ಸೆಲ್ಲಿನಲ್ಲಿ ಅಫೀಮು ಕಳಿಸಿ ಎಂದವರಿದ್ದಾರೆ. ಸೇನೆಗೆ ಸೇರಬೇಡಿ ಎಂದು ಊರಿನವರನ್ನು ಎಚ್ಚರಿಸಿದವರೂ ಇದ್ದಾರೆ. ಇವೆಲ್ಲ ಓದುವಾಗ ನಗು ಬರಬಹುದು, ಬೇಸರ ಆಗಬಹುದು, ಒಮ್ಮೊಮ್ಮೆ ಏನೂ ಅನ್ನಿಸದೆಯೂ ಇರಬಹುದು. ಅದನ್ನೂ ಬರೆಯುವ ಧೈರ್ಯ ಮಾಡಿ.

ಮತ್ತೆ ಬರೆಯುವಾಗ ಸಿಟ್ಟಿನ ಆ ಜಾಗದಿಂದಲೇ ಶುರು ಮಾಡಿ. ಒಂದೇ ಕಾಗದ ಆರಿಸಿಕೊಳ್ಳಿ. ಅದರಲ್ಲಿ ಏನಿದೆಯೋ ಅದನ್ನು ಮೊದಲು ಪೂರ್ತಿ ಹೇಳಿ, ನಿಮ್ಮ ಮಾತು ಆಮೇಲೆ ಬರಲಿ. ಈಗಿನದರ ಅರ್ಧದಷ್ಟು ಉದ್ದ ಸಾಕು. ಬರೆದಾದ ಮೇಲೆ ನನ್ನ ಹೆಸರಿಗೇ ಕಳಿಸಿ, ಕಾಯುತ್ತಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ