ಯಾದಗಿರಿಯ ರಕ್ತಹೀನತೆ ಅಧ್ಯಯನಕ್ಕೆ ಆಕರ ಎಲ್ಲಿ?

ನಮಸ್ಕಾರ್ರಿ. ಯಾದಗಿರಿ ಗರ್ಭಿಣಿಯರ ರಕ್ತಹೀನತೆ ಬಗ್ಗೆ ಪಿಎಚ್‌ಡಿಗೆ ಕಲಬುರಗಿಯಲ್ಲೇ ಕುಂತು ಲೇಖನ, ಅಂಕಿಅಂಶ ಎಲ್ಲಿ ಹುಡುಕಲಿ ಅಂತ ಕೇಳೀರಿ. ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿ ಪಬ್‌ಮೆಡ್‌ನಿಂದ ಶುರು ಮಾಡ್ರಿ, ಹುಡುಕಾಟ ಪುಕ್ಕಟೆ. ಬರೀ ‘ಅನೀಮಿಯಾ’ ಅಂತ ಹೊಡೆದ್ರ ರಾಶಿ ಬೀಳ್ತದ. ಅಲ್ಲಿನ ‘ಮೆಶ್’ ವಿಷಯಪಟ್ಟಿಯಲ್ಲಿ ಕಬ್ಬಿಣದ ಕೊರತೆಯ ಅನೀಮಿಯಾಕ್ಕ ಬ್ಯಾರೆ ಶೀರ್ಷಿಕೆ ಅದ, ಅದನ್ನ ಹಿಡೀರಿ.

ಜಿಲ್ಲೆಯ ಅಂಕಿಗೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2015-16 ಮತ್ತು 2019-21ರ ಜಿಲ್ಲಾ ಫ್ಯಾಕ್ಟ್‌ಶೀಟ್ ಎರಡೂ ಇಟ್ಕೊಂಡು ನೋಡ್ರಿ. ಒಂದು ಎಚ್ಚರ: ಗರ್ಭಿಣಿಯರ ಸಾಲಿನಲ್ಲಿ ಅಂಕಿ ಆವರಣದೊಳಗ ಇದ್ದರ, ಅದು 25ರಿಂದ 49 ಮಂದಿಯ ಮಾದರಿ ಮೇಲಷ್ಟೇ ನಿಂತದ್ದು. ನಕ್ಷತ್ರ ಚಿಹ್ನೆ ಇದ್ದರ 25ಕ್ಕೂ ಕಡಿಮಿ. ಅಂಥದ್ದರ ಮ್ಯಾಲ ವಾದ ಕಟ್ಟಬ್ಯಾಡ್ರಿ.

ಹಳೆ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಅನ್ನೋ ಆನ್‌ಲೈನ್ ಭಂಡಾರ ನೋಡ್ರಿ. ದುಡ್ಡಿನ ಜರ್ನಲ್‌ಗಳಿಗೆ, ನಿಮ್ಮದು ಸರ್ಕಾರಿ ವಿಶ್ವವಿದ್ಯಾಲಯ ಆಗಿದ್ರ, ಸರ್ಕಾರಾನೇ ಜರ್ನಲ್ ಚಂದಾ ಕಟ್ಟೋ, 2025ರಲ್ಲಿ ಶುರುವಾದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಲಾಗಿನ್ ಬಗ್ಗೆ ಗ್ರಂಥಪಾಲಕರನ್ನ ಇವತ್ತೇ ಕೇಳ್ರಿ.