ಸುರುಳಿ ಸುಗಂಧಿಯಿಂದ ಅಂದಕ್ಕಲ್ಲದೆ ಬೇರೆ ಉಪಯೋಗಗಳಿವೆಯೇ?

ಇವೆ. ಆದರೂ ನನ್ನ ಮಟ್ಟಿಗೆ ಇದರ ದೊಡ್ಡ ಉಪಯೋಗ ಮುಡಿಯುವುದೇ! ಶುಂಠಿ, ಅರಿಸಿನ, ಏಲಕ್ಕಿಗಳ ಕುಟುಂಬದ ಈ ಗಿಡ ಪೂರ್ವ ಹಿಮಾಲಯದ ಕಡೆಯದು. ಬಿಳಿ ಹೂ ಸಂಜೆ ಅರಳಿ, ರಾತ್ರಿಯ ಪತಂಗಗಳನ್ನು ಪರಿಮಳದಿಂದಲೇ ಸೆಳೆಯುತ್ತದೆ. ಒಂದು ಹೂ ಬೇಗ ಬಾಡಿದರೂ ತೆನೆಯ ಮೊಗ್ಗುಗಳು ಸರದಿಯಂತೆ ಬಿರಿಯುವುದರಿಂದ ಗಿಡ ಹಲವು ದಿನ ಘಮಘಮಿಸುತ್ತದೆ. ಹವಾಯಿಯಲ್ಲಿ ಇದರ ಮಾಲೆ ಕಟ್ಟುತ್ತಾರೆ. ಕ್ಯೂಬಾದ ರಾಷ್ಟ್ರೀಯ ಹೂವೂ ಇದೇ. ಸ್ಪೇನ್ ವಿರುದ್ಧದ ಹೋರಾಟದಲ್ಲಿ ಹೆಂಗಸರು ಮುಡಿದ ಈ ಹೂಗಳ ನಡುವೆ ರಹಸ್ಯ ಚೀಟಿಗಳನ್ನು ಅಡಗಿಸಿ ಸಾಗಿಸುತ್ತಿದ್ದರೆಂದು ಅಲ್ಲಿನವರು ಹೇಳುತ್ತಾರೆ.

ಹೂವಿನ ಸಾರವನ್ನು ಸುಗಂಧದ್ರವ್ಯಕ್ಕೆ ಬಳಸುತ್ತಾರೆ. ಗಡ್ಡೆಯಿಂದಲೂ ತೈಲ ತೆಗೆಯುತ್ತಾರೆ, ನಾಟಿ ಔಷಧಿಗಳಲ್ಲಿ ಅದು ಸೇರುತ್ತದೆ. ತಿಳಿದವರನ್ನು ಕೇಳದೆ ಮನೆಯಲ್ಲೇ ಕಷಾಯ ಮಾಡಿಕೊಳ್ಳುವುದು ಬೇಡ.

ಬೆಳೆಸುವುದು ಸುಲಭ: ಮೊಳಕೆಯಿರುವ ಗಡ್ಡೆಯ ತುಂಡನ್ನು ತೇವ ಆರದ, ಅರೆನೆರಳಿನ ಜಾಗದಲ್ಲಿ ಹೂಳಿದರೆ ಸಾಕು. ಹೆಚ್ಚಾದ ಗಡ್ಡೆಗಳನ್ನು ಮಾತ್ರ ದಯವಿಟ್ಟು ಹಳ್ಳ, ತೊರೆಗಳ ದಂಡೆಗೆ ಎಸೆಯಬೇಡಿ. ಹವಾಯಿ, ಬ್ರೆಜಿಲ್‌ಗಳಲ್ಲಿ ನೀರಿನಂಚಿಗೆಲ್ಲ ಹಬ್ಬಿ, ಸ್ಥಳೀಯ ಸಸ್ಯಗಳಿಗೆ ಜಾಗವೇ ಇಲ್ಲದಂತೆ ಮಾಡಿರುವ ಗಿಡವಿದು.